ಬುತ್ತಿ ಹಂಚಿ ಉಂಡವರು

ಕಾಲೇಜು ಬಿಟ್ಟು ಇಪ್ಪತ್ತೈದು ಮೂವತ್ತು ವರ್ಷಗಳಾದ ಮೇಲೆ ಒಂದು ಸಂಜೆ ಫೋನು ಬರುತ್ತದೆ. "ಯಾಕಪಾ, ಗುರ್ತು ಹತ್ತಲಿಲ್ಲೇನು?" ಎನ್ನುತ್ತದೆ ಅತ್ತ ಕಡೆಯ ದನಿ. ಹೆಸರು ಹೇಳಿದ ಕೂಡಲೇ ಗುರುತು ಹತ್ತುತ್ತದೆ, ಮನಸ್ಸು ಅರಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಸುಳಿಯುತ್ತದೆ: ಇಷ್ಟು ವರ್ಷ ಸುಮ್ಮನಿದ್ದವನು ಈಗೇಕೆ ನೆನೆಸಿಕೊಂಡ? ಮಗನಿಗೆ ಕೆಲಸ ಬೇಕೋ, ಮಗಳ ಮದುವೆಗೆ ಸಾಲ ಬೇಕೋ, ಇಲ್ಲ ವಿಮೆಯ ಪಾಲಿಸಿ ಮಾರಲು ಬಂದನೋ? ಪ್ರಿಯ ಓದುಗರೇ, ಮೊದಲನೆಯ ಸಂತೋಷವನ್ನು ನಾವು ಎಲ್ಲರಿಗೂ ಹೇಳಿಕೊಳ್ಳುತ್ತೇವೆ, ಎರಡನೆಯ ಯೋಚನೆಯನ್ನು ಯಾರಿಗೂ ಹೇಳುವುದಿಲ್ಲ. ಇಂದು ಆ ಎರಡನೆಯದನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ನೆಂಟರಿಗೆ ನಾವು ಏನು ಸಲ್ಲಿಸಬೇಕೆಂಬುದು ನಮಗೆ ಗೊತ್ತು. ಮದುವೆಗೆ ಮುಯ್ಯಿ, ಸಾವಿಗೆ ಹೆಗಲು, ಬಾಣಂತನಕ್ಕೆ ತವರು. ಧರ್ಮಕೇಂದ್ರದವರಿಗೆ ಏನು ಸಲ್ಲಬೇಕೆಂಬುದನ್ನು ಗುರುಗಳು ಭಾನುವಾರದ ಪ್ರಬೋಧನೆಯಲ್ಲಿ ಹೇಳುತ್ತಲೇ ಇರುತ್ತಾರೆ. ನೆರೆಯವರ ಲೆಕ್ಕವಂತೂ ದಿನದಿನವೂ ಗೋಡೆಯಾಚೆಯಿಂದ ಕೇಳಿಸುತ್ತದೆ. ಆದರೆ ಸಹಪಾಠಿ ಯಾರು? ಅವನು ರಕ್ತಸಂಬಂಧಿಯಲ್ಲ. ಅನೇಕ ವೇಳೆ ನಮ್ಮ ಜಾತಿಯವನೂ ಅಲ್ಲ, ಧರ್ಮದವನೂ ಅಲ್ಲ, ಊರಿನವನೂ ಅಲ್ಲ. ನಾವು ಅವನನ್ನು ಆರಿಸಿಕೊಂಡದ್ದೂ ಅಲ್ಲ. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಹಿಂದೆಯೋ ಮುಂದೆಯೋ ಅವನ ಹೆಸರಿತ್ತು, ಬೆಂಚಿನಲ್ಲಿ ಒಂದು ಜಾಗ ಖಾಲಿಯಿತ್ತು, ಅಷ್ಟೇ. ಮೂರು ವರ್ಷ ಒಟ್ಟಿಗೆ ಕೂತೆವು, ಎದ್ದು ಹೋದೆವು. ಆ ಮೂರು ವರ್ಷಕ್ಕೆ ಮೂವತ್ತು ವರ್ಷದ ನಂತರವೂ ಬಾಕಿ ಉಳಿಯುವುದುಂಟೆ?

ಕಲಬುರಗಿ ಸೀಮೆಯಲ್ಲಿ ಈ ಪ್ರಶ್ನೆ ಕೇಳುವಾಗ ಬುತ್ತಿಯನ್ನು ಬಿಟ್ಟು ಮಾತಾಡಲಾಗದು. ಇಂದು ಆಳಂದ, ಅಫಜಲಪುರ, ಜೇವರ್ಗಿ ಮೂರು ಕಡೆಯೂ ಸರ್ಕಾರಿ ಪದವಿ ಕಾಲೇಜುಗಳಿವೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಂತೂ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಐವತ್ತು ವರ್ಷಗಳ ಹಿಂದೆ ಈ ತಾಲ್ಲೂಕುಗಳ ಹುಡುಗರಿಗೆ ಓದು ಎಂದರೆ ಗುಲಬರ್ಗಾ. ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಹುಟ್ಟುಹಾಕಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಕಾಲೇಜುಗಳು, ಸರ್ಕಾರಿ ಕಾಲೇಜು, ಶರಣಬಸವೇಶ್ವರ ಸಂಸ್ಥಾನದ ಕಾಲೇಜುಗಳು ಎಲ್ಲವೂ ಅಲ್ಲೇ. ಸ್ನಾತಕೋತ್ತರ ಪದವಿಗಾದರೆ ಧಾರವಾಡಕ್ಕೋ ಹೈದರಾಬಾದಿಗೋ ಹೋಗಬೇಕಿತ್ತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೇಂದ್ರವೊಂದು ಗುಲಬರ್ಗಾದಲ್ಲಿ ಆರಂಭವಾಯಿತು, 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು.

ಆಳಂದ, ಜೇವರ್ಗಿಗಳಿಂದ ಸುಮಾರು 40 ಕಿಲೋಮೀಟರ್. ಅಫಜಲಪುರ ಇನ್ನೂ ದೂರ. ಹಳ್ಳಿಯಿಂದ ದಿನವೂ ಓಡಾಡಲು ಬಸ್ಸೂ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಮೂವರೋ ನಾಲ್ವರೋ ಸೇರಿ ಒಂದು ಖೋಲಿ ಬಾಡಿಗೆಗೆ ಹಿಡಿಯುವುದು. ಊಟಕ್ಕೆ ಊರಿನಿಂದ ಅವ್ವ ಕಟ್ಟಿದ ಬುತ್ತಿ ಬಸ್ಸಿನಲ್ಲಿ ಬರಬೇಕು. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಒಮ್ಮೊಮ್ಮೆ ಪುಂಡಿಪಲ್ಯ. ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಕಂಡಕ್ಟರನ ಕೈಗೆ ಒಪ್ಪಿಸಿದರೆ ಸಂಜೆಗೆ ಗುಲಬರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಹುಡುಗ ಕಾದು ನಿಂತು ಇಳಿಸಿಕೊಳ್ಳುತ್ತಿದ್ದ. ಒಬ್ಬನ ಬುತ್ತಿ ಬಾರದ ದಿನ ಇನ್ನೊಬ್ಬನದು ನಾಲ್ಕು ಪಾಲಾಗುತ್ತಿತ್ತು. ಭೀಮೆಗೆ ನೀರು ಬಂದು ಬಸ್ಸು ನಿಂತರೆ ಜೇವರ್ಗಿ ಕಡೆಯವನಿಗೆ ಆಳಂದದವನ ರೊಟ್ಟಿಯೇ ಗತಿ. ಆ ರೊಟ್ಟಿ ಬಡಿದ ತಾಯಿಯ ಮುಖವನ್ನು ಒಮ್ಮೆಯೂ ನೋಡದೆ ಮೂರು ವರ್ಷ ಅವಳ ಕೈಯ ಅಡುಗೆ ಉಂಡವರು ಈ ಜಿಲ್ಲೆಯಲ್ಲಿ ಎಷ್ಟೋ ಜನ ಇದ್ದಾರೆ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಹತ್ತು ಭಾಗಗಳಲ್ಲಿ ಎರಡನ್ನು ಪೂರ್ತಿಯಾಗಿ ಗೆಳೆತನಕ್ಕೇ ಮೀಸಲಿಟ್ಟಿದ್ದಾನೆ. ಒಟ್ಟಿಗೆ ಕೂತು ಸಾಕಷ್ಟು ಉಪ್ಪು ತಿನ್ನುವ ತನಕ ಇಬ್ಬರು ಒಬ್ಬರನ್ನೊಬ್ಬರು ಅರಿಯಲಾರರು ಎಂಬ ಅರ್ಥದ ಗಾದೆಯೊಂದನ್ನು ಅವನು ಅಲ್ಲಿ ನೆನೆಯುತ್ತಾನೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಪ್ಪಿನ ಋಣ ನಮ್ಮದೇ ಮಾತು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರ ಹೆಸರನ್ನು ಈ ಸೀಮೆ ಇಂದಿಗೂ ದಾಸೋಹದೊಂದಿಗೇ ಹೇಳುತ್ತದೆ. ಉಂಡ ಅನ್ನ ಸಂಬಂಧ ಕಟ್ಟುತ್ತದೆ ಎಂಬುದು ಇಲ್ಲಿನ ಮಣ್ಣಿನಲ್ಲೇ ಇರುವ ತಿಳಿವಳಿಕೆ. ಒಂದು ವಿಶೇಷವನ್ನು ಗಮನಿಸಿ. ಸಾಲವಾದರೆ ಕೊಟ್ಟವರಿಗೇ ತೀರಿಸಬಹುದು. ಬುತ್ತಿಯ ಋಣವನ್ನು ರೊಟ್ಟಿ ಬಡಿದವಳಿಗೆ ತೀರಿಸುವ ದಾರಿ ಹೆಚ್ಚಿನವರಿಗೆ ಇರಲಿಲ್ಲ. ಅದು ಅವಳ ಮಗನ ಹೆಸರಿನಲ್ಲಿ ಹಾಗೆಯೇ ಉಳಿದುಕೊಂಡಿತು.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡಬಾರದು. ಎಲ್ಲ ಖೋಲಿಗಳಲ್ಲೂ ಎಲ್ಲರ ಬುತ್ತಿಯೂ ಒಂದೇ ತಟ್ಟೆಗೆ ಬೀಳುತ್ತಿರಲಿಲ್ಲ. ಜಾತಿ ಕೇಳಿ ಖೋಲಿ ಕೊಡುವ ಮಾಲೀಕರಿದ್ದರು. ನೀರಿನ ಲೋಟವನ್ನು ಬೇರೆ ಇಡುವ ಸಹಪಾಠಿಗಳಿದ್ದರು. ದಲಿತ ಹುಡುಗನೊಬ್ಬ ತರಗತಿಯಲ್ಲಿ ಎಲ್ಲರ ಪಕ್ಕದಲ್ಲಿ ಕೂತು, ಸಂಜೆ ಹಾಸ್ಟೆಲಿನಲ್ಲಿ ತನ್ನವರ ನಡುವೆಯೇ ಉಣ್ಣುತ್ತಿದ್ದ. ಇಂದು ಹಳೆಯ ಗೆಳೆಯರ ಗುಂಪಿನಲ್ಲಿ ಯಾರಾದರೂ "ಆ ದಿನಗಳೇ ಚೆಂದ" ಎಂದು ಬರೆದಾಗ ಹತ್ತು ಜನ ತಲೆದೂಗುತ್ತಾರೆ, ಅವನು ಸುಮ್ಮನಿರುತ್ತಾನೆ. ಆ ಮೌನವನ್ನು ಸೊಕ್ಕು ಎಂದು ತಿಳಿಯುವವರಿದ್ದಾರೆ. ಹಳೆಯ ನೆನಪು ಎಲ್ಲರ ಪಾಲಿಗೂ ಒಂದೇ ರುಚಿಯದಲ್ಲ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಬೇರೆಯವರನ್ನು ದೂರುವ ಮೊದಲು ನಮ್ಮ ಚರ್ಚುಗಳಲ್ಲಿ ಯಾರು ಎಲ್ಲಿ ಕೂರುತ್ತಿದ್ದರೆಂಬ ಚರಿತ್ರೆಯೂ ಎಲ್ಲ ಕಡೆ ಹೆಮ್ಮೆಪಡುವಂಥದ್ದಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಆದರೂ ಬೆಂಚು ಮಾಡಿದ ಕೆಲಸವನ್ನು ಬೇರೆ ಯಾವುದೂ ಮಾಡಲಿಲ್ಲ. ನಮ್ಮ ಮದುವೆ, ನಮ್ಮ ಹಬ್ಬ, ಕೊನೆಗೆ ನಮ್ಮ ಸಮಾಧಿ ಸಹ ನಮ್ಮವರ ನಡುವೆಯೇ. ಈ ಭಾಗದಲ್ಲಿ ಕಥೋಲಿಕರು ಕೆಲವೇ ಮಂದಿ. ಕಲಬುರಗಿ ಬಳ್ಳಾರಿಯಿಂದ ಬೇರ್ಪಟ್ಟು ಪ್ರತ್ಯೇಕ ಧರ್ಮಕ್ಷೇತ್ರವಾದದ್ದೇ 2005ರಲ್ಲಿ. ಇಲ್ಲಿ ಓದಿದ ಕಥೋಲಿಕ ಹುಡುಗನಿಗೆ ಬೆಂಚಿನ ಆಚೆ ಲಿಂಗಾಯತ, ಈಚೆ ಮುಸಲ್ಮಾನ, ಹಿಂದೆ ಕಬ್ಬಲಿಗ. ಬದುಕಿನಲ್ಲಿ ಅವನು ತನ್ನವರಲ್ಲದವರೊಂದಿಗೆ ಅಷ್ಟು ದಿನ, ಅಷ್ಟು ಹತ್ತಿರ, ಯಾವ ಲಾಭವೂ ಇಲ್ಲದೆ ಕೂತದ್ದು ಅದೊಂದೇ ಬಾರಿ ಇರಬಹುದು.

ಈ ನಾಡಿನ ಚರಿತ್ರೆಯಲ್ಲಿ ಬೆಂಚಿನ ಸಂಬಂಧ ಇದಕ್ಕೂ ದೊಡ್ಡ ಪೆಟ್ಟುಗಳನ್ನು ತಾಳಿಕೊಂಡಿದೆ. ನಿಜಾಮರ ಕಾಲದಲ್ಲಿ ಗುಲಬರ್ಗಾ ಜಿಲ್ಲೆಯ ಹುಡುಗರಿಗೆ ಉನ್ನತ ಶಿಕ್ಷಣವೆಂದರೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ. 1918ರಲ್ಲಿ ಆರಂಭವಾದ ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ತೆಲುಗು, ಮರಾಠಿ ಆಡುವವರು ಒಂದೇ ಕೋಣೆಯಲ್ಲಿ ಕೂತು ಉರ್ದುವಿನಲ್ಲಿ ಕಲಿತರು. 1938ರಲ್ಲಿ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಿಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾಲಯ. 1991ರಲ್ಲಿ ದೇಶದ ಪ್ರಧಾನಿಯಾದ ಪಿ.ವಿ. ನರಸಿಂಹರಾಯರು ಹಾಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು. ಪುಸ್ತಕ ಹಂಚಿಕೊಂಡವರು ಶಿಕ್ಷೆಯನ್ನೂ ಹಂಚಿಕೊಂಡರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಮೂರು ಪಾಲಾಗಿ ಗುಲಬರ್ಗಾ, ರಾಯಚೂರು, ಬೀದರ್ ಮೈಸೂರಿಗೂ, ಮರಾಠವಾಡ ಮುಂಬಯಿಗೂ, ತೆಲಂಗಾಣ ಆಂಧ್ರಪ್ರದೇಶಕ್ಕೂ ಸೇರಿದವು. ಒಂದೇ ಬೆಂಚಿನವರು ಒಂದು ಬೆಳಗಾಗುವಷ್ಟರಲ್ಲಿ ಮೂರು ರಾಜ್ಯಗಳವರಾದರು. ಆಗ ಅವರ ನಡುವೆ ಉಳಿದದ್ದು ಅಂಚೆಯ ಕಾಗದವೊಂದೇ.

ಅಂಚೆ ಎಂದಾಗ ಆಟೋಗ್ರಾಫ್ ಪುಸ್ತಕ ನೆನಪಾಗುತ್ತದೆ. ಎಂಬತ್ತು ತೊಂಬತ್ತರ ದಶಕಗಳಲ್ಲಿ ಕಾಲೇಜಿನ ಕೊನೆಯ ವಾರ ಬಣ್ಣದ ಹಾಳೆಗಳ ಆ ಪುಟ್ಟ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು. ಮರೆಯಬೇಡ ಎಂಬ ಮಾತು, ಒಂದು ಹೂವಿನ ಚಿತ್ರ, ಕೆಳಗೆ ಖಾಯಂ ವಿಳಾಸ: ತಂದೆಯ ಹೆಸರು, ಅಂಚೆ, ತಾಲ್ಲೂಕು, ಜಿಲ್ಲೆ. ಹುಡುಗರಲ್ಲಿ ಕೆಲವರು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋದರು. ಆದರೂ ಆ ವಿಳಾಸಕ್ಕೆ ಬರೆದ ಕಾಗದ ಅಣ್ಣನ ಕೈಗಾದರೂ ಸೇರುತ್ತಿತ್ತು. ಹುಡುಗಿಯರ ಪಾಲಿಗೆ ಮಾತ್ರ ಆ ಖಾಯಂ ವಿಳಾಸದಷ್ಟು ಹಂಗಾಮಿ ಆದದ್ದು ಬೇರೊಂದಿರಲಿಲ್ಲ. ಒಂದೆರಡು ವರ್ಷದಲ್ಲಿ ಮದುವೆ, ಬೇರೆ ಊರು, ಬೇರೆ ಅಡ್ಡಹೆಸರು. ಗಂಡನ ಮನೆಗೆ ಸಹಪಾಠಿಯ ಕಾಗದ ಬಂದರೆ ಬಿಚ್ಚುವವರು ಅತ್ತೆಯೋ ಮಾವನೋ. ಬರೆದವನು ಹುಡುಗನಾಗಿದ್ದರೆ ಮುಗಿದೇ ಹೋಯಿತು. ಹೀಗಾಗಿ ಇಂದು ಐವತ್ತು ಜನರ ತರಗತಿಯನ್ನು ಒಟ್ಟುಗೂಡಿಸಲು ಹೊರಟವರು ಗಂಡಸರ ಪೈಕಿ ಬಹುಪಾಲು ಜನರನ್ನು ಹುಡುಕಿಬಿಡುತ್ತಾರೆ, ಹೆಂಗಸರಲ್ಲಿ ಮೂವರೋ ನಾಲ್ವರೋ ಸಿಕ್ಕರೆ ಹೆಚ್ಚು. ಉಳಿದವರು ಸತ್ತಿಲ್ಲ, ದೂರವೂ ಇಲ್ಲ. ಅದೇ ಜಿಲ್ಲೆಯ ಯಾವುದೋ ಮನೆಯಲ್ಲಿ, ಗಂಡನ ಹೆಸರಿನ ಫೋನಿನ ಹಿಂದೆ ಇದ್ದಾರೆ.

ನಮ್ಮ ಕುಟುಂಬಗಳು ಇದನ್ನು ಒಮ್ಮೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಗಂಡ ತನ್ನ ಗೆಳೆಯರ ಕೂಟಕ್ಕೆ ಹೋಗುವಾಗ ಯಾರೂ ಕಾರಣ ಕೇಳುವುದಿಲ್ಲ. ಹೆಂಡತಿ ಹೊರಟರೆ ಯಾರು ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಅಡುಗೆಗೆ ಏನು ಎಂಬ ವಿಚಾರಣೆ ನಡೆಯುತ್ತದೆ. ವಿವಾಹದ ಸಂಸ್ಕಾರ ಇಬ್ಬರನ್ನು ಒಂದಾಗಿಸುತ್ತದೆ ಎಂದು ನಾವು ನಂಬುವುದು ನಿಜ. ಅದರ ಅರ್ಥ ಅವಳ ಇಪ್ಪತ್ತೊಂದು ವರ್ಷದ ಹಿಂದಿನ ಬದುಕನ್ನು ಅಳಿಸಿಹಾಕಬೇಕೆಂದು ಯಾವ ಗುರುಗಳೂ ಬೋಧಿಸಿದ್ದು ಕೇಳಿಲ್ಲ.

ಈಗ ವಾಟ್ಸಾಪಿನ ಕಾಲ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತಿತು. ಅಷ್ಟು ಹೊತ್ತಿಗಾಗಲೇ ಹಳೆಯ ತರಗತಿಗಳು ಒಂದೊಂದಾಗಿ ಮೊಬೈಲಿನಲ್ಲಿ ಮತ್ತೆ ಕೂಡತೊಡಗಿದ್ದವು. ಗುಂಪು ಕಟ್ಟಿದ ಮೇಲೆ ಗುರುವಂದನೆ ಮತ್ತು ಸ್ನೇಹ ಸಮ್ಮಿಲನ. ಮುಪ್ಪಿನ ಮೇಷ್ಟರನ್ನು ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಾಲಿಗೆರಗುವುದು ನಿಜಕ್ಕೂ ಒಳ್ಳೆಯ ಪದ್ಧತಿ, ಅದರ ಬಗ್ಗೆ ಎರಡು ಮಾತಿಲ್ಲ. ತೊಡಕಿರುವುದು ಅದರ ಸುತ್ತ. ತಲಾ ಇಷ್ಟು ಸಾವಿರ ವಂತಿಗೆ, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ದೊಡ್ಡ ಹೋಟೆಲಿನಲ್ಲಿ ವಾಸ. ಬೆಂಗಳೂರಿನಲ್ಲಿ ಅಧಿಕಾರಿಯಾದವನಿಗೆ ಅದು ಒಂದು ದಿನದ ಖರ್ಚು. ಜೇವರ್ಗಿಯ ಹಳ್ಳಿಯಲ್ಲಿ ತೊಗರಿ ಬೆಳೆಯುವವನಿಗೆ, ಮಳೆ ಕೈಕೊಟ್ಟ ವರ್ಷ, ಬೀಜದ ಖರ್ಚು. ಅವನು ಬರಲಾಗುವುದಿಲ್ಲ ಎನ್ನುವುದಿಲ್ಲ, ದುಡ್ಡಿಲ್ಲ ಎಂದು ಹೇಳಲೂ ಆರ. ಒಂದು ರಾತ್ರಿ ಸದ್ದಿಲ್ಲದೆ ಗುಂಪಿನಿಂದ ಹೊರಗೆ ಹೋಗುತ್ತಾನೆ. ಮರುದಿನ ಯಾರೋ ಒಬ್ಬರು ಯಾಕೆ ಹೋದ ಎಂದು ಕೇಳುತ್ತಾರೆ, ಇನ್ನೊಬ್ಬರು ನಗುವ ಚಿತ್ರ ಹಾಕುತ್ತಾರೆ, ಅಷ್ಟಕ್ಕೆ ಮುಗಿಯುತ್ತದೆ. ಸಮ್ಮಿಲನದ ಫೋಟೋ ಬಹಳ ಚೆನ್ನಾಗಿ ಬರುತ್ತದೆ.

ಇದೇ ಸಂಗತಿಯನ್ನು ಅರಿಸ್ಟಾಟಲ್ ನೇರವಾಗಿ ಕೇಳಿಕೊಂಡಿದ್ದಾನೆ. ಎಳೆತನದಿಂದ ಗೆಳೆಯರಾಗಿದ್ದ ಇಬ್ಬರಲ್ಲಿ ಒಬ್ಬ ಮುಂದೆ ಬಹಳ ಬೆಳೆದ, ಇನ್ನೊಬ್ಬ ಇದ್ದಲ್ಲೇ ಇದ್ದ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಇಷ್ಟವಾಗುವುದು ಈಗ ಒಂದೇ ಅಲ್ಲ, ನೋಯಿಸುವುದು ಒಂದೇ ಅಲ್ಲ. ಅವರು ಗೆಳೆಯರಾಗಿ ಉಳಿಯಲು ಸಾಧ್ಯವೇ? ಮೊದಲಿನಂತೆ ಸಾಧ್ಯವಿಲ್ಲ ಎಂದೇ ಅವನ ಉತ್ತರ. ಸುಳ್ಳು ಸಮಾಧಾನ ಅವನಲ್ಲಿಲ್ಲ. ಆದರೆ ಅಲ್ಲಿಗೇ ಬಿಡುವುದೂ ಇಲ್ಲ. ಒಂದು ಕಾಲದಲ್ಲಿ ಹತ್ತಿರವಿದ್ದವನನ್ನು ಎಂದೂ ಗೆಳೆಯನಾಗಿರದವನ ಹಾಗೆ ಕಾಣಬಾರದು. ಪರಕೀಯನಿಗೆ ಸಲ್ಲದ ಏನೋ ಒಂದು, ಹಿಂದಿನ ಆ ಸಲಿಗೆಯ ಕಾರಣದಿಂದಲೇ, ಅವನಿಗೆ ಸಲ್ಲುತ್ತದೆ ಎನ್ನುತ್ತಾನೆ. ಎಷ್ಟು ಸಲ್ಲುತ್ತದೆ ಎಂಬ ಲೆಕ್ಕವನ್ನು ಮಾತ್ರ ನಮಗೇ ಬಿಟ್ಟಿದ್ದಾನೆ. ಇದು ನನಗೆ ಬಹಳ ಪ್ರಾಮಾಣಿಕವಾದ ಉತ್ತರವೆನಿಸುತ್ತದೆ. ಮೂವತ್ತು ವರ್ಷದ ನಂತರವೂ ಎಲ್ಲರೂ ಅಂದಿನ ಹಾಗೆಯೇ ಇದ್ದೇವೆ ಎಂದು ನಟಿಸುವ ಸಮ್ಮಿಲನಕ್ಕಿಂತ, ಈಗ ಹಾಗಿಲ್ಲ ಎಂದು ತಿಳಿದೂ ಒಬ್ಬನ ಮನೆ ಬಾಗಿಲಿಗೆ ಹೋಗಿ ಚಹಾ ಕುಡಿದು ಬರುವುದು ಹೆಚ್ಚಿನದು. ವಂತಿಗೆಯನ್ನು ಅವರವರ ಅನುಕೂಲಕ್ಕೆ ಬಿಟ್ಟು, ಕೂಟವನ್ನು ಹೋಟೆಲಿನ ಬದಲು ಹಳೆಯ ಕಾಲೇಜಿನ ಮರದ ಕೆಳಗೆ ಮಾಡಿದರೂ ಸಾಕು, ಅರ್ಧ ತೊಡಕು ಕಳೆಯುತ್ತದೆ.

ಧರ್ಮಸಭೆಯ ಚರಿತ್ರೆಯಲ್ಲಿ ಸಹಪಾಠಿಗಳಿಗೇ ಒಂದು ಹಬ್ಬವಿದೆ ಎ೦ದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಜನವರಿ 2ರಂದು ನಾವು ಸಂತ ಬಾಸಿಲ್ ಮತ್ತು ನಜಿಯಾನ್ಸಿನ ಸಂತ ಗ್ರೆಗೊರಿ ಇಬ್ಬರನ್ನೂ ಒಂದೇ ದಿನ ಸ್ಮರಿಸುತ್ತೇವೆ. ಇಬ್ಬರೂ ಇಂದಿನ ಟರ್ಕಿ ದೇಶದ ಕಪ್ಪದೋಸಿಯದವರು. ನಾಲ್ಕನೆಯ ಶತಮಾನದ ನಡುವೆ ಅಥೆನ್ಸಿನಲ್ಲಿ ಒಟ್ಟಿಗೆ ಓದಿದವರು. ಅಲ್ಲಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಹಳಬರು ಗೋಳು ಹೊಯ್ದುಕೊಳ್ಳುವ ಪದ್ಧತಿ ಆಗಲೇ ಇತ್ತು. ಮೊದಲೇ ಬಂದಿದ್ದ ಗ್ರೆಗೊರಿಯವರು ಎಲ್ಲರಿಗೂ ಹೇಳಿ ಬಾಸಿಲರನ್ನು ಅದರಿಂದ ಪಾರುಮಾಡಿದರು. ಗೆಳೆತನ ಅಲ್ಲಿಂದ ಬೆಳೆಯಿತು. ಆದರೆ ನಾನು ಅವರನ್ನು ನೆನೆಯುವುದು ಆ ಸೊಗಸಿಗಾಗಿ ಅಲ್ಲ. ಬಾಸಿಲರು 370ರಲ್ಲಿ ಕೈಸರೈಯದ ಧರ್ಮಾಧ್ಯಕ್ಷರಾದರು. ಪ್ರಾಂತ್ಯ ಇಬ್ಭಾಗವಾಗಿ ಎದುರಾಳಿಯೊಬ್ಬರು ಹುಟ್ಟಿಕೊಂಡಾಗ ತಮ್ಮ ಕಡೆಯವರೊಬ್ಬರು ಗಡಿಯಲ್ಲಿರಲೆಂದು 372ರಲ್ಲಿ ಗ್ರೆಗೊರಿಯವರನ್ನು ಸಾಸಿಮ ಎಂಬಲ್ಲಿಗೆ ಧರ್ಮಾಧ್ಯಕ್ಷರನ್ನಾಗಿ ಮಾಡಿದರು. ಅದು ಗಾಡಿಗಳು ನಿಲ್ಲುವ, ನೀರಿಲ್ಲದ, ಧೂಳು ಗದ್ದಲಗಳ ಒಂದು ಕೂಡುರಸ್ತೆ. ಗೆಳೆಯ ತನ್ನನ್ನು ಪಗಡೆಯ ಕಾಯಿಯಂತೆ ನಡೆಸಿದನೆಂದು ಗ್ರೆಗೊರಿಯವರಿಗೆ ಕಡುನೋವಾಯಿತು. ಅಲ್ಲಿ ಅವರು ನೆಲೆ ನಿಲ್ಲಲೇ ಇಲ್ಲ.

379ರಲ್ಲಿ ಬಾಸಿಲರು ತೀರಿಕೊಂಡರು. ಅಂತ್ಯಕ್ರಿಯೆಗೆ ಗ್ರೆಗೊರಿಯವರು ಬರಲಾಗಲಿಲ್ಲ. ಎರಡು ಮೂರು ವರ್ಷಗಳ ನಂತರ ಅವರು ಗೆಳೆಯನ ಸ್ಮರಣೆಯಲ್ಲಿ ಬಹು ದೀರ್ಘವಾದ ಭಾಷಣವೊಂದನ್ನು ಮಾಡಿದರು. ಅಥೆನ್ಸಿನ ದಿನಗಳನ್ನೆಲ್ಲ ಅದರಲ್ಲಿ ನೆನೆದರು. ಸಾಸಿಮದ ವಿಷಯವನ್ನು ಬಿಡಲಿಲ್ಲ. ಕಾಲ ಕಳೆದರೂ ಆ ನೋವು ಮಾಸಿಲ್ಲವೆಂದು ಅಷ್ಟು ಜನರ ಮುಂದೆ ಹೇಳಿಯೇ ಹೊಗಳಿದರು. ಇಬ್ಬರೂ ಸಂತರು. ಗೆಳೆಯನ ತಪ್ಪನ್ನು ಮರೆತಂತೆ ನಟಿಸುವುದು ಸಂತತನಕ್ಕೆ ಬೇಕಾಗಿರಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನದ ವಿಷಯ. ಜಾತಿಯ ಕಾರಣಕ್ಕೆ ಬೇರೆ ಲೋಟದಲ್ಲಿ ನೀರು ಕುಡಿದ ಸಹಪಾಠಿ ಇಂದು ಅದನ್ನು ಕೂಟದ ನಡುವೆ ಎತ್ತಿ ಹೇಳಿದರೆ, ಹಳೆಯದನ್ನೇಕೆ ಕೆದಕುತ್ತೀ ಎನ್ನುವ ಮೊದಲು ಗ್ರೆಗೊರಿಯವರ ಆ ಭಾಷಣವನ್ನು ನೆನೆಯಬೇಕು.

ಇನ್ನು ಫೋನಿನ ಹಿಂದಿರುವ ಬೇಡಿಕೆಯ ವಿಚಾರ. ಪ್ರಭು ಯೇಸು ಪರಲೋಕ ಮಂತ್ರವನ್ನು ಕಲಿಸಿದ ಕೂಡಲೇ ಹೇಳಿದ ಒಂದು ಸಾಮತಿ ಲೂಕನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿದೆ. ನಡುರಾತ್ರಿ ಒಬ್ಬ ಬಂದು ಬಾಗಿಲು ತಟ್ಟಿ ಮೂರು ರೊಟ್ಟಿ ಕೇಳುತ್ತಾನೆ. ಒಳಗಿನವನು ಮಕ್ಕಳೊಂದಿಗೆ ಮಲಗಿದ್ದಾನೆ, ಏಳಲು ಮನಸ್ಸಿಲ್ಲ. ಅವನು ಎದ್ದು ಕೊಡುವುದೂ ಗೆಳೆತನಕ್ಕಲ್ಲ, ಕಾಟ ತಾಳಲಾರದೆ. ನಾವು ಇದನ್ನು ಪ್ರಾರ್ಥನೆಯ ಪಾಠವಾಗಿ ಓದುತ್ತೇವೆ, ಅದು ಸರಿಯೇ. ಆದರೆ ಬೇಕಾದಾಗ ಮಾತ್ರ ಬರುವ, ಹೊತ್ತು ಗೊತ್ತಿಲ್ಲದೆ ಬರುವ, ಕೇಳಲು ನಾಚದ ಆ ಮನುಷ್ಯನನ್ನು ಯೇಸು ಉದ್ದಕ್ಕೂ ಕರೆಯುವುದು ಗೆಳೆಯ ಎಂದೇ. ಬೇಡಿಕೆ ಇರುವುದರಿಂದ ಗೆಳೆತನ ಸುಳ್ಳಾಗಿಬಿಡುವುದಿಲ್ಲ. ಕಷ್ಟ ಬಂದಾಗ ನಮ್ಮ ಹೆಸರೇ ಅವನಿಗೆ ಹೊಳೆದದ್ದೇಕೆ ಎಂದೂ ಕೇಳಿಕೊಳ್ಳಬಹುದಲ್ಲ?

ಹಾಗೆಂದು ಕೇಳಿದವರಿಗೆಲ್ಲ ಗಂಟು ಬಿಚ್ಚಿ ಕೊಡಿ ಎಂದಲ್ಲ. ಸಿರಾಖನ ಗ್ರಂಥ ಗೆಳೆತನವನ್ನು ಕಣ್ಣು ಮುಚ್ಚಿ ಹೊಗಳುವುದಿಲ್ಲ. ಊಟದ ಮೇಜಿನಲ್ಲಿ ಜೊತೆಗಿದ್ದು ಕಷ್ಟದ ದಿನ ಕಾಣೆಯಾಗುವವರ ಬಗ್ಗೆ ಅದು ಎಚ್ಚರಿಸುತ್ತದೆ. ಸಾಲ ಪಡೆದು ಹಿಂದಿರುಗಿಸದವರ ಬಗ್ಗೆ ಬೇಸರದಿಂದಲೇ ಮಾತಾಡುತ್ತದೆ. ಸಾಲದ ಬಗ್ಗೆ ಹಾಗೆ ಹೇಳಿದ ಅದೇ ಅಧ್ಯಾಯದಲ್ಲಿ, ಬೆಳ್ಳಿ ಕಲ್ಲಿನಡಿ ತುಕ್ಕು ಹಿಡಿಯುವುದಕ್ಕಿಂತ ಗೆಳೆಯನಿಗಾಗಿ ಹೋಗುವುದೇ ಲೇಸೆಂಬ ಅರ್ಥದಲ್ಲೂ ನುಡಿಯುತ್ತದೆ. ಮರಳಿ ಬಾರದಿದ್ದರೂ ತಾಳಿಕೊಳ್ಳುವಷ್ಟನ್ನು ಮಾತ್ರ ಕೊಡುವುದು, ಆಗದಿದ್ದರೆ ಆಗದು ಎಂದು ಅದೇ ಫೋನಿನಲ್ಲಿ ಹೇಳಿಬಿಡುವುದು ಸಂಸಾರಸ್ಥರಿಗೆ ಸಾಧ್ಯವಾದ ದಾರಿ. ಹೆಂಡತಿಗೆ ತಿಳಿಯದಂತೆ ಗೆಳೆಯನಿಗೆ ಜಾಮೀನು ನಿಲ್ಲುವುದು ಮಾತ್ರ ಔದಾರ್ಯವಲ್ಲ. ಕಾಯಿಸಿ ಕಾಯಿಸಿ ಫೋನು ಎತ್ತದಿರುವುದು ನನ್ನ ದೃಷ್ಟಿಯಲ್ಲಿ ಇಲ್ಲ ಎನ್ನುವುದಕ್ಕಿಂತ ಕೀಳು.

2020ನೆಯ ವರ್ಷ ಈ ಜಿಲ್ಲೆಗೆ ಎರಡು ಪೆಟ್ಟು ಕೊಟ್ಟಿತು. ಕೋವಿಡ್‌ನಿಂದ ದೇಶದ ಮೊದಲ ಸಾವು ದಾಖಲಾದದ್ದು ಆ ಮಾರ್ಚಿನಲ್ಲಿ, ಕಲಬುರಗಿಯಲ್ಲಿ. ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದಲೂ ಸೊನ್ನ ಬ್ಯಾರೇಜಿನಿಂದಲೂ ಬಿಟ್ಟ ನೀರಿನಿಂದ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳು ಮುಳುಗಿದವು. ಅಂಥ ದಿನಗಳಲ್ಲಿ ಆಸ್ಪತ್ರೆಯಲ್ಲಿ ಹಾಸಿಗೆ ಎಲ್ಲಿದೆ, ಯಾವ ರಸ್ತೆ ತೆರೆದಿದೆ, ಯಾರ ಮನೆಗೆ ನೀರು ನುಗ್ಗಿದೆ ಎಂಬ ಸುದ್ದಿ ಎಷ್ಟೋ ಜನರಿಗೆ ಸಿಕ್ಕಿದ್ದು ಹಳೆಯ ಸಹಪಾಠಿಗಳ ಗುಂಪುಗಳಲ್ಲೇ. ಬೆಳಗಿನ ಹೂವಿನ ಚಿತ್ರ, ಹಳಸಿದ ನಗೆಹನಿಗಳ ನಡುವೆ ಆ ಗುಂಪುಗಳನ್ನು ಜೀವಂತವಾಗಿ ಇಟ್ಟವರ ಬಗ್ಗೆ ಹಗುರವಾಗಿ ಮಾತಾಡಲು ಆಮೇಲೆ ಮನಸ್ಸು ಬರುವುದಿಲ್ಲ. ಗುಂಪಿನಿಂದ ಸದ್ದಿಲ್ಲದೆ ಹೋದವನ ಮನೆಗೆ ನೀರು ಬಂದದ್ದು ಮಾತ್ರ ಆ ಗುಂಪಿಗೆ ತಿಳಿಯುವ ಬಗೆಯಿರಲಿಲ್ಲ.

ದೂರವೇ ಗೆಳೆತನವನ್ನು ಕೊಲ್ಲುತ್ತದೆ ಎನ್ನುವವರಿಗೆ ಪ್ಯಾರಿಸಿನ ಒಂದು ಖೋಲಿಯ ಕಥೆ ಹೇಳಬೇಕು. 1529ರಲ್ಲಿ ಸಾಂತ್ ಬಾರ್ಬ್ ಕಾಲೇಜಿನ ಆ ಖೋಲಿಯಲ್ಲಿ ಮೂವರಿದ್ದರು. ಇಪ್ಪತ್ತರ ಹರೆಯದ ಪೀಟರ್ ಫೇಬರ್, ಫ್ರಾನ್ಸಿಸ್ ಝೇವಿಯರ್, ಮತ್ತು ನಲವತ್ತರ ಹತ್ತಿರ ಬಂದಿದ್ದ ಕುಂಟುಗಾಲಿನ ಇಗ್ನೇಷಿಯಸ್. ತಡವಾಗಿ ಓದಲು ಬಂದ ಆ ಹಿರಿಯನಿಗೆ ಅರಿಸ್ಟಾಟಲನ ಪಾಠವನ್ನು ತಿದ್ದಿ ಹೇಳುತ್ತಿದ್ದವರು ಫೇಬರ್. ಝೇವಿಯರರಿಗೆ ಮೊದಮೊದಲು ಆತನನ್ನು ಕಂಡರೆ ಆಗುತ್ತಿರಲಿಲ್ಲ. 1534ರ ಆಗಸ್ಟ್ 15ರಂದು ಇದೇ ಮೂವರು ಇನ್ನೂ ನಾಲ್ವರೊಂದಿಗೆ ಮೊಂಮಾರ್ತ್ ಗುಡ್ಡದಲ್ಲಿ ವ್ರತ ಕೈಗೊಂಡರು. 1540ರಲ್ಲಿ ರೋಮಿನಿಂದ ಹೊರಟ ಝೇವಿಯರರು 1542ರ ಮೇ 6ರಂದು ಗೋವೆ ಮುಟ್ಟಿದರು. ಮತ್ತೆ ಇಗ್ನೇಷಿಯಸರನ್ನು ಅವರು ಕಾಣಲಿಲ್ಲ. ವರ್ಷಕ್ಕೊಮ್ಮೆ ಬರುವ ಹಡಗುಗಳಲ್ಲಿ ಪತ್ರ. ಆ ಪತ್ರಗಳಿಂದ ಗೆಳೆಯರು ತಮ್ಮ ಕೈಯಾರೆ ಹಾಕಿದ್ದ ಸಹಿಗಳನ್ನಷ್ಟೇ ಕತ್ತರಿಸಿ, ತಮ್ಮ ವ್ರತದ ಚೀಟಿಯೊಂದಿಗೆ ಪುಟ್ಟ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಿದ್ದರು. 2024ರ ನವೆಂಬರಿನಿಂದ 2025ರ ಜನವರಿಯ ತನಕ ಹಳೆಯ ಗೋವೆಯಲ್ಲಿ ಆ ಸಂತರ ದರ್ಶನಕ್ಕೆ ಸಾಲು ನಿಂತವರಲ್ಲಿ ನಮ್ಮ ಭಾಗದವರೂ ಇದ್ದರು. ಝೇವಿಯರರ ಪವಾಡಗಳು ಎಲ್ಲರಿಗೂ ಗೊತ್ತು, ಸಹಿಗಳ ಕರಡಿಗೆ ಅಷ್ಟಾಗಿ ಗೊತ್ತಿಲ್ಲ.

1553ರ ಜೂನ್ 28ರಂದು ಇಗ್ನೇಷಿಯಸರು ರೋಮಿನಿಂದ ಅವರಿಗೆ ಯುರೋಪಿಗೆ ಮರಳಿ ಬರುವಂತೆ ಪತ್ರ ಬರೆದರು. ಝೇವಿಯರರು 1552ರ ಡಿಸೆಂಬರ್ 3ರಂದೇ ಚೀನಾದ ದಡದ ದ್ವೀಪವೊಂದರಲ್ಲಿ ತೀರಿಕೊಂಡಿದ್ದರು. ಸುದ್ದಿ ಇನ್ನೂ ರೋಮಿಗೆ ಮುಟ್ಟಿರಲಿಲ್ಲ.

ನವೆಂಬರ್ ತಿಂಗಳಲ್ಲಿ ನಮ್ಮ ಅನೇಕ ಚರ್ಚುಗಳಲ್ಲಿ ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಡುವ ವಾಡಿಕೆಯಿದೆ. ಅಜ್ಜ, ಅಜ್ಜಿ, ಅಪ್ಪ, ಅವ್ವ, ಹೋದ ಅಣ್ಣ. ಸಹಪಾಠಿಗಳ ಹೆಸರು ಬರೆಯುವವರು ಕಡಿಮೆ. ಐವತ್ತು ದಾಟಿದವರ ತರಗತಿಯ ಫೋಟೋದಲ್ಲಿ ಕೆಲವು ಮುಖಗಳಾದರೂ ಈಗಿಲ್ಲ. ಅವರು ಕ್ರೈಸ್ತರಲ್ಲವಲ್ಲ, ಬರೆಯಬಹುದೇ ಎಂದು ಕೇಳುವವರಿದ್ದಾರೆ. ಬರೆಯಬಹುದು. ಬಲಿಪೂಜೆಯ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂಥ ಮೃತರನ್ನೂ ಧರ್ಮಸಭೆ ನೆನೆಯುತ್ತದೆ. ಬುತ್ತಿ ಕಟ್ಟಿ ಕಳಿಸುತ್ತಿದ್ದ ಆ ತಾಯಂದಿರಲ್ಲಿಯೂ ಹೆಚ್ಚಿನವರು ಈಗ ಇರಲಾರರು. ಅವರ ಹೆಸರು ಗೊತ್ತಿಲ್ಲದಿದ್ದರೆ ಮಗನಿಗೆ ಫೋನು ಮಾಡಿ ಕೇಳಿಕೊಳ್ಳಬಹುದು.